ಯುವ ಬಿಳಿ ಡ್ರ್ಯಾಗನ್ ಒಂದೇ ಮಾತಿಗೆ ನೆಲಕ್ಕೆ ಬಿತ್ತು: ಈ ತೀರ್ಪು ಸರಿಯೇ?

ಗವಿಯೊಡೆಯ (ಪ್ರಶ್ನೆ)

ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಯನ್ನು 2014ರ ನಿಯಮಗಳಂತೆ ಆಡಿಸುತ್ತಿರುವ ಡಂಜನ್ ಮಾಸ್ಟರ್ (ಕಥೆ ನಡೆಸಿ ತೀರ್ಪು ಕೊಡುವವರು) ನಾನು. ತಂಡದಲ್ಲಿ ಫೈಟರ್ (ಕಾದಾಳು), ಪ್ಯಾಲಡಿನ್ (ದೈವಬಲದ ಯೋಧ), ರೋಗ್ (ಚಾಲಾಕಿ ಕಳ್ಳ) ಮತ್ತು ಕ್ಲೆರಿಕ್ (ಮಂತ್ರ ಬಲ್ಲ ಪುರೋಹಿತ) ಇದ್ದಾರೆ. ನಾಲ್ವರೂ ನಾಲ್ಕನೆಯ ಲೆವೆಲ್‌ನವರು. ಕಥೆಯ ಈ ಘಟ್ಟದಲ್ಲಿ ಅವರು ಯುವ ಬಿಳಿ ಡ್ರ್ಯಾಗನ್ ಅನ್ನು ಮೊದಲ ಬಾರಿಗೆ ಕಂಡು, ಒಂದೆರಡು ಪೆಟ್ಟು ತಿಂದು, ಜೀವ ಉಳಿಸಿಕೊಂಡು ಓಡಬೇಕೆಂಬುದು ನನ್ನ ಎಣಿಕೆಯಾಗಿತ್ತು. ಚಾಲೆಂಜ್ ರೇಟಿಂಗ್ (ಎದುರಾಳಿಯ ಕಠಿಣತೆಯ ಅಳತೆ) 6ರ ಈ ಡ್ರ್ಯಾಗನ್ ನಾಲ್ಕನೆಯ ಲೆವೆಲ್‌ನ ನಾಲ್ವರಿಗೆ ಪುಸ್ತಕದ ಲೆಕ್ಕದಲ್ಲಿಯೇ ಮಾರಕ ಎನಿಸುವ ಎದುರಾಳಿ. ಅದರ ಹಿಟ್ ಪಾಯಿಂಟ್ (ಜೀವದ ಅಂಕ) 133, ಆರ್ಮರ್ ಕ್ಲಾಸ್ (ಪೆಟ್ಟು ತಾಗಲು ದಾಳದಲ್ಲಿ ಮುಟ್ಟಬೇಕಾದ ಅಂಕ) 17.

ಮೊದಲ ಸುತ್ತಿನಲ್ಲಿ ಡ್ರ್ಯಾಗನ್ ಕೆಳಗಿಳಿದು ಹಿಮದ ಉಸಿರನ್ನು ಊದಿತು. ರೋಗ್ ಅಲ್ಲಿಯೇ ಸೊನ್ನೆಗೆ ಇಳಿದು ಬಿದ್ದ. ಉಳಿದವರು ಹೇಗೋ ನಿಂತರು. ಅದು ಮತ್ತೆ ಮೇಲೇರಿ ಸುಮಾರು 50 ಅಡಿ ಎತ್ತರದಲ್ಲಿದ್ದಾಗ ಕ್ಲೆರಿಕ್ ಆಡುವವರು ಒಂದೇ ಮಾತಿನ ಆಜ್ಞೆಯನ್ನು ಪಾಲಿಸುವಂತೆ ಮಾಡುವ ಮೊದಲನೆಯ ಹಂತದ ಕಮಾಂಡ್ ಮಂತ್ರವನ್ನು ಬಳಸಿ, ಪಾತ್ರದ ದನಿಯಲ್ಲಿಯೇ, “ಅಡ್ಡಬೀಳು!” (ಪುಸ್ತಕದ ಗ್ರೊವೆಲ್ ಆಜ್ಞೆ) ಎಂದರು. ಮಂತ್ರವನ್ನು ತಡೆಯಲು ಉರುಳಿಸುವ ವಿಸ್ಡಮ್ ಸೇವಿಂಗ್ ಥ್ರೋದಲ್ಲಿ ಡ್ರ್ಯಾಗನ್ ಸೋತಿತು. ಹಾರುತ್ತಿರುವ ಜೀವಿ ಪ್ರೋನ್ ಆದರೆ (ಅಡ್ಡಬಿದ್ದರೆ) ಕೆಳಗೆ ಬೀಳುತ್ತದೆ ಎಂಬ ನಿಯಮವನ್ನು ಅನ್ವಯಿಸಿ, ಅದು ತನ್ನ ಸರದಿಯಲ್ಲಿ ನೆಲಕ್ಕೆ ಅಪ್ಪಳಿಸಿತೆಂದು ತೀರ್ಪು ಕೊಟ್ಟೆ. 50 ಅಡಿಗೆ ಐದು ದಾಳಗಳನ್ನು ಉರುಳಿಸಿದಾಗ 19 ಬಂತು. ಅದು ಏಳುವ ಮೊದಲೇ ಫೈಟರ್ ಅದನ್ನು ಗ್ರ್ಯಾಪಲ್ ಮಾಡಿ ಹಿಡಿದುಕೊಂಡ. ಪ್ಯಾಲಡಿನ್ ಒಂದೇ ಒಂದು ಅಂಕದ ಲೇ ಆನ್ ಹ್ಯಾಂಡ್ಸ್ (ಮುಟ್ಟಿ ಗುಣಪಡಿಸುವ ಶಕ್ತಿ) ಕೊಟ್ಟು ರೋಗ್‌ನನ್ನು ಎಬ್ಬಿಸಿದ. ಆಮೇಲೆ ಡ್ರ್ಯಾಗನ್ ಮತ್ತೆ ಹಾರಲೇ ಇಲ್ಲ.

ಗೆದ್ದವರ ಸಂಭ್ರಮಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಫೈಟರ್ ಆಡುವವರೇ ಆಟ ಮುಗಿದ ಮೇಲೆ, “ಇದು ಡ್ರ್ಯಾಗನ್‌ನ ಸಾವಾಗಲಿಲ್ಲ, ನಿಯಮದ ಸಂದಿಯಲ್ಲಿ ಜಾರಿ ಬಿದ್ದಂತಾಯಿತು, ಅದು ಬದುಕಿ ಉಳಿಯಿತೆಂದು ಹೇಳಿಬಿಡಿ” ಎಂದು ಕೇಳಿಕೊಂಡಿದ್ದಾರೆ. ತೀರ್ಪು ನಿಯಮಕ್ಕೆ ಹೊಂದುತ್ತದೆಯೇ, ಹೊಂದಿದರೂ ಡ್ರ್ಯಾಗನ್ ಅನ್ನು ಮರಳಿ ತರುವುದು ಉಚಿತವೇ ಎಂಬುದನ್ನು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಅಡಿಟಿಪ್ಪಣಿ (ಉತ್ತರ)

ನಿಮ್ಮ ತೀರ್ಪು ಹೊಂದುತ್ತದೆ. ಗುರಿಯಾದ ಜೀವಿ ಮಂತ್ರ ಹಾಕಿದವರ ಭಾಷೆಯನ್ನು ಅರಿಯದಿದ್ದರೆ, ಅದು ಅನ್‌ಡೆಡ್ (ಸತ್ತು ಎದ್ದ ಜೀವಿ) ಆಗಿದ್ದರೆ, ಅಥವಾ ಆಜ್ಞೆ ಅದಕ್ಕೆ ನೇರವಾಗಿ ಹಾನಿ ಮಾಡುವಂಥದ್ದಾದರೆ ಕಮಾಂಡ್ ನಾಟುವುದಿಲ್ಲ. ಯುವ ಬಿಳಿ ಡ್ರ್ಯಾಗನ್ ಎಲ್ಲರೂ ಆಡುವ ಕಾಮನ್ ಭಾಷೆಯನ್ನು ಬಲ್ಲದು, ಅದು ಅನ್‌ಡೆಡ್ ಅಲ್ಲ. ಆದ್ದರಿಂದ ಉಳಿಯುವುದು ಹಾನಿಯ ಷರತ್ತು ಮಾತ್ರ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಗ್ರೊವೆಲ್ ಎಂಬ ಆಜ್ಞೆ ಮಂತ್ರದ ವಿವರಣೆಯೊಳಗೇ ಉದಾಹರಣೆಯಾಗಿ ಬಂದಿದೆ, ಮತ್ತು ಅದೇ ಪಟ್ಟಿಯಲ್ಲಿರುವ ಹಾಲ್ಟ್ (ನಿಲ್ಲು) ಆಜ್ಞೆಯ ಕೆಳಗೆ ಹಾರುವ ಜೀವಿ ಗಾಳಿಯಲ್ಲಿಯೇ ಉಳಿಯುತ್ತದೆ ಎಂದು ಬಿಡಿಸಿ ಬರೆದಿದ್ದಾರೆ. ಹಾರುವ ಜೀವಿಗಳ ಪ್ರಶ್ನೆ ಬರೆದವರ ಗಮನದಲ್ಲಿ ಇದ್ದೇ ಇತ್ತು. ಆದರೂ ಗ್ರೊವೆಲ್‌ಗೆ ಅಂಥ ವಿನಾಯಿತಿಯನ್ನು ಅವರು ಕೊಡಲಿಲ್ಲ. ಆಜ್ಞೆ ಹೇಳುವುದು ಬೀಳು ಎಂದಷ್ಟೇ, ಪೆಟ್ಟು ಕೊಡುವುದು ನೆಲ.

ಇನ್ನು ಫೈಟರ್ ಮಾಡಿದ್ದು ಅಪ್ಪಟ ಪುಸ್ತಕದ ಆಟ. ಗ್ರ್ಯಾಪಲ್ ಆದ ಜೀವಿಯ ವೇಗ ಸೊನ್ನೆಯಾಗುತ್ತದೆ, ಏಳಬೇಕಾದರೆ ಅರ್ಧ ವೇಗವನ್ನು ಖರ್ಚು ಮಾಡಬೇಕು, ಆದ್ದರಿಂದ ಹಿಡಿತದಲ್ಲಿರುವಷ್ಟು ಹೊತ್ತು ಅದು ಏಳಲಾರದು. ಯುವ ಡ್ರ್ಯಾಗನ್‌ನ ಗಾತ್ರ ಲಾರ್ಜ್ ಆದ್ದರಿಂದ ಮೀಡಿಯಮ್ ಗಾತ್ರದ ಫೈಟರ್ ಅದನ್ನು ಹಿಡಿಯಬಹುದು. ವಯಸ್ಕ ಡ್ರ್ಯಾಗನ್ ಹ್ಯೂಜ್ ಗಾತ್ರದ್ದು. ಅದನ್ನು ಹಿಡಿಯಲು ಹೊರಟಿದ್ದರೆ ಉಪಾಯ ಅಲ್ಲಿಗೇ ಮುಗಿಯುತ್ತಿತ್ತು.

ಮಂಜುಗಣ್ಣ

ಮೇಲಿನ ವಾದವನ್ನು ನಾನು ಒಪ್ಪುವುದಿಲ್ಲ. ಹಾಲ್ಟ್ ಕೆಳಗಿನ ಆ ಸಾಲನ್ನು ನಾನು ಓದುವ ಬಗೆಯೇ ಬೇರೆ: ಒಂದು ಮಾತಿನ ಮಂತ್ರದಿಂದ ಹಾರುವ ಜೀವಿಯನ್ನು ಕೆಳಗೆ ಕೆಡವುವುದು ಬೇಡವೆಂಬ ಆಶಯ ಅದರಲ್ಲಿ ಕಾಣುತ್ತದೆ, ಗ್ರೊವೆಲ್‌ಗೂ ಅದೇ ಆಶಯ ಸಲ್ಲಬೇಕು. ನೆಲದ ಮೇಲೆ ನಿಂತವನಿಗೆ ಅಡ್ಡಬೀಳು ಎನ್ನುವುದರಿಂದ ಮಾನ ಹೋಗಬಹುದು. 50 ಅಡಿ ಎತ್ತರದಲ್ಲಿರುವವನಿಗೆ ಅದನ್ನೇ ಹೇಳಿದರೆ ಮೂಳೆ ಮುರಿಯುತ್ತದೆ. ಸನ್ನಿವೇಶವನ್ನು ಬಿಟ್ಟು ಆಜ್ಞೆಯನ್ನು ತೂಗಲು ಬರುವುದಿಲ್ಲ.

ನನ್ನ ಮೇಜಿನಲ್ಲಾಗಿದ್ದರೆ ಡ್ರ್ಯಾಗನ್ ತಾನಾಗಿಯೇ ಇಳಿದು ಬಂದು ನೆಲದ ಮೇಲೆ ಅಡ್ಡಬಿದ್ದು ಸರದಿಯನ್ನು ಮುಗಿಸುತ್ತಿತ್ತು. ಕ್ಲೆರಿಕ್‌ಗೆ ಸಿಗಬೇಕಾದ ಫಲ ಆಗಲೂ ಬಹುಮಟ್ಟಿಗೆ ಸಿಗುತ್ತದೆ, ಬಿದ್ದ ಪೆಟ್ಟಿನ ಹಾನಿ ಮಾತ್ರ ಇಲ್ಲ.

ಗವಿಯೊಡೆಯ

ಮಂಜುಗಣ್ಣ ಅವರ ಮಾತಿನ ಬಳಿಕ ನನ್ನ ಟಿಪ್ಪಣಿ ಹಾಳೆಯನ್ನು ತೆಗೆದು ನೋಡಿದೆ. ಕೊನೆಯ ಪೆಟ್ಟು ಪ್ಯಾಲಡಿನ್‌ನದು: ಸ್ಮೈಟ್ (ದೈವಬಲದ ಹೆಚ್ಚುವರಿ ಪೆಟ್ಟು) ಸೇರಿ 24. ಆಗ ಡ್ರ್ಯಾಗನ್‌ನಲ್ಲಿ ಉಳಿದಿದ್ದುದು 6. ಅಂದರೆ ಬಿದ್ದದ್ದರಿಂದ ಆದ 19ನ್ನು ಕಳೆಯದೆ ಬಿಟ್ಟಿದ್ದರೆ ಅದು ಒಂದೇ ಒಂದು ಅಂಕದೊಂದಿಗೆ ಬದುಕಿರುತ್ತಿತ್ತು. ಅದರ ಸರದಿ ಬರುವ ಮೊದಲು ರೋಗ್‌ನ ಸರದಿ ಇತ್ತೆಂಬುದನ್ನೂ ಹೇಳಿಬಿಡುತ್ತೇನೆ.

ಉಸಿರಿನ ವಿಷಯವನ್ನು ಮೊದಲೇ ಬರೆಯಬೇಕಿತ್ತೇನೋ. ಬಿದ್ದ ಸರದಿಯನ್ನೂ ಸೇರಿಸಿ ಮೂರು ಸರದಿಗಳ ಆರಂಭದಲ್ಲಿ, ಉಸಿರು ಮತ್ತೆ ಊದಲು ಸಿಗುವುದೇ ಎಂದು ನೋಡುವ ರೀಚಾರ್ಜ್ ದಾಳವನ್ನು ಎಲ್ಲರ ಕಣ್ಣೆದುರಿಗೇ ಉರುಳಿಸಿದೆ. 5 ಅಥವಾ 6 ಬೇಕಿತ್ತು. ಬಂದದ್ದು 2, 4, 4. ಎರಡನೆಯ 4 ಬಿದ್ದಾಗ ಮೇಜಿನ ಸುತ್ತ ಎದ್ದ ಕೂಗನ್ನು ಬರೆದು ತಿಳಿಸಲಾಗದು.

ಲೆಕ್ಕದವಳು

ಸಂಖ್ಯೆಗಳನ್ನು ಕೊಟ್ಟಿರುವುದರಿಂದ ಲೆಕ್ಕವನ್ನೇ ಹಾಕಿಬಿಡೋಣ. ಕ್ಲೆರಿಕ್‌ನ ವಿಸ್ಡಮ್ 18 ಎಂದು ಹಿಡಿದರೆ ಈ ಲೆವೆಲ್‌ನಲ್ಲಿ ಮಂತ್ರದ ಸೇವ್ ಡಿಸಿ (ಅದನ್ನು ತಡೆಯಲು ದಾಳದಲ್ಲಿ ಮುಟ್ಟಬೇಕಾದ ಅಂಕ) 14 ಆಗುತ್ತದೆ. ಈ ಡ್ರ್ಯಾಗನ್‌ನ ವಿಸ್ಡಮ್ ಸೇವ್‌ಗೆ ಕೂಡುವುದು 3 ಮಾತ್ರ. ಆದ್ದರಿಂದ ಇಪ್ಪತ್ತು ಮುಖದ ದಾಳದಲ್ಲಿ 1ರಿಂದ 10ರವರೆಗೆ ಏನು ಬಂದರೂ ಅದಕ್ಕೆ ಸೋಲು, ಅಂದರೆ ಸರಿಯಾಗಿ ಅರ್ಧಕ್ಕರ್ಧ. ಸ್ಟ್ರೆಂಗ್ತ್ 18 ಇದ್ದು ಅಥ್ಲೆಟಿಕ್ಸ್ ಕಲಿತ ಫೈಟರ್‌ಗೆ 6 ಕೂಡುತ್ತದೆ, ಡ್ರ್ಯಾಗನ್‌ಗೆ 4. ಮೊದಲ ಯತ್ನದಲ್ಲಿಯೇ ಹಿಡಿತ ಸಿಗುವ ಸಾಧ್ಯತೆ ನೂರಕ್ಕೆ 57. ಉಸಿರು ಸತತ ಮೂರು ಬಾರಿ ಮರಳದಿರುವ ಸಾಧ್ಯತೆ 27ರಲ್ಲಿ 8, ಅಂದರೆ ನೂರಕ್ಕೆ 30ರ ಆಸುಪಾಸು. ಮೂರನ್ನೂ ಗುಣಿಸಿದರೆ ನೂರಕ್ಕೆ ಎಂಟೂವರೆಯಷ್ಟು ಉಳಿಯುತ್ತದೆ. ನಡುವೆ ಒಮ್ಮೆ ಉಸಿರು ಮರಳಿದ್ದರೂ ಸೋಲು ಖಚಿತವಾಗಿರಲಿಲ್ಲ, ಆದ್ದರಿಂದ ನಿಜವಾದ ಸಾಧ್ಯತೆ ಇನ್ನೂ ಸ್ವಲ್ಪ ಮೇಲಿರಬೇಕು. ಅಪರೂಪದ ಗೆಲುವು ಹೌದು, ಪವಾಡ ಎನ್ನುವಷ್ಟಲ್ಲ.

ನಿಯಮದ ಸಂದಿ ಎಂಬ ಮಾತಿಗೆ ನನ್ನ ಆಕ್ಷೇಪವಿರುವುದೂ ಇಲ್ಲಿಯೇ. ಬಾಣ ಬಿಡುತ್ತ ಕೂತಿದ್ದರೆ ತಂಡ 17ರ ಆರ್ಮರ್ ಕ್ಲಾಸ್‌ಗೆ ತಲೆ ಚಚ್ಚಿಕೊಳ್ಳುತ್ತಿತ್ತು, ಡ್ರ್ಯಾಗನ್ ಮೇಲಿಂದಲೇ ಒಬ್ಬೊಬ್ಬರನ್ನಾಗಿ ಮುಗಿಸುತ್ತಿತ್ತು. ಕ್ಲೆರಿಕ್ ಆಡುವವರು ಅದರ ಚರ್ಮವನ್ನು ಬಿಟ್ಟು ಮನಸ್ಸಿಗೆ ಗುರಿಯಿಟ್ಟರು. ಇಂಟೆಲಿಜೆನ್ಸ್ 6, ವಿಸ್ಡಮ್ 11 ಇರುವ ಜೀವಿಯ ಎದುರು ಅದಕ್ಕಿಂತ ಉತ್ತಮ ಆಯ್ಕೆ ನನಗೆ ತೋಚುವುದಿಲ್ಲ. ವಿನ್ಯಾಸಕಾರರಿಗೆ ಇಂಥ ಉಪಾಯದ ಅರಿವಿಲ್ಲದೆ ಇರಲಿಲ್ಲ: ವಯಸ್ಕ ಡ್ರ್ಯಾಗನ್‌ಗಳಿಗೆ ದಿನಕ್ಕೆ ಮೂರು ಬಾರಿ ಸೋತ ಸೇವ್ ಅನ್ನು ಗೆಲುವಾಗಿಸಿಕೊಳ್ಳುವ ಲೆಜೆಂಡರಿ ರೆಸಿಸ್ಟೆನ್ಸ್ ಕೊಟ್ಟಿರುವುದು ಇಂಥದ್ದನ್ನು ತಡೆಯಲಿಕ್ಕೇ, ಮತ್ತು ಯುವ ಡ್ರ್ಯಾಗನ್‌ಗಳಿಗೆ ಅದನ್ನು ಅವರು ಕೊಟ್ಟಿಲ್ಲ.

ಇನ್ನೊಂದು ಮಾತು. ಇದರ ಉಸಿರು ತಲುಪುವುದು 30 ಅಡಿ, ಕಮಾಂಡ್ ತಲುಪುವುದು 60 ಅಡಿ. ಹಾರುವ ವೇಗ 80 ಇರುವುದರಿಂದ 70 ಅಡಿ ಎತ್ತರದಿಂದ 40 ಅಡಿ ಇಳಿದು, ಊದಿ, ಮತ್ತೆ 40 ಅಡಿ ಏರಿದ್ದರೆ ಅದು ಕ್ಲೆರಿಕ್‌ನ ಕೈಗೆ ಸಿಗುತ್ತಲೇ ಇರಲಿಲ್ಲ. ಗವಿಯೊಡೆಯ ಅವರು ಅದನ್ನು 50 ಅಡಿಯಲ್ಲಿ ನಿಲ್ಲಿಸಿದ್ದು ಆ ಮೃಗದ ಬುದ್ಧಿಗೆ ತಕ್ಕ ನಡೆ ಎಂದು ನನಗನ್ನಿಸುತ್ತದೆ. ಮುಂದೆ ಹಸಿರು ಡ್ರ್ಯಾಗನ್ ಅನ್ನು ತಂದರೆ ಇಷ್ಟು ದಡ್ಡತನ ಸಲ್ಲದು.

ಮಂಜುಗಣ್ಣ

ಲೆಕ್ಕ ಒಪ್ಪಿದೆ, ತೀರ್ಪನ್ನು ಈಗಲೂ ಒಪ್ಪಿಲ್ಲ. ಆದರೆ ಮೇಜಿನಲ್ಲಿ ಕೊಟ್ಟ ತೀರ್ಪನ್ನು ಆಟ ಮುಗಿದ ಮೇಲೆ ಹಿಂತೆಗೆದುಕೊಳ್ಳುವುದು ತಪ್ಪು ತೀರ್ಪಿಗಿಂತ ಕೆಟ್ಟದ್ದು. ದಾಳಗಳು ಎಲ್ಲರ ಮುಂದೆ ಬಿದ್ದಿವೆ, ಪ್ಯಾಲಡಿನ್ ತನ್ನ ಸ್ಮೈಟ್ ಖರ್ಚು ಮಾಡಿದ್ದಾನೆ. ಈಗ ಅದು ಉಸಿರಾಡುತ್ತಿತ್ತು ಎಂದರೆ ಮುಂದೆ ನೀವು ಯಾವ ಹೆಣವನ್ನು ತೋರಿಸಿದರೂ ಅವರು ನಂಬುವುದಿಲ್ಲ. ಸತ್ತದ್ದು ಸತ್ತಿರಲಿ. ಮುಂದಿನ ಆಟದಿಂದ ಗ್ರೊವೆಲ್ ಹೇಗೆ ನಡೆಯುತ್ತದೆಂಬುದನ್ನು ಮಾತ್ರ ಆಟಕ್ಕೆ ಕೂರುವ ಮೊದಲೇ ತಂಡದೊಂದಿಗೆ ಇತ್ಯರ್ಥ ಮಾಡಿಕೊಳ್ಳಿ. 2024ರ ಪರಿಷ್ಕೃತ ನಿಯಮಗಳಲ್ಲಿ ಮನಬಂದ ಆಜ್ಞೆಗೆ ಅವಕಾಶ ತೆಗೆದು ಐದೇ ಆಯ್ಕೆಗಳನ್ನು ಉಳಿಸಿದ್ದಾರೆ, ಗ್ರೊವೆಲ್ ಅವುಗಳಲ್ಲಿ ಒಂದು. ಆ ನಿಯಮಗಳಿಗೆ ಬದಲಾದರೆ ನನ್ನ ವಾದಕ್ಕೆ ಬಲ ಇನ್ನೂ ಕಡಿಮೆಯಾಗುತ್ತದೆ ಎಂಬುದೂ ನನಗೆ ಗೊತ್ತಿದೆ.

ಅಡಿಟಿಪ್ಪಣಿ

ಫೈಟರ್ ಆಡುವವರ ಅಸಮಾಧಾನಕ್ಕೆ ಉತ್ತರ ಡ್ರ್ಯಾಗನ್‌ನ ಗವಿಯಲ್ಲಿರಬಹುದು. ಬಿಳಿ ಡ್ರ್ಯಾಗನ್‌ಗಳು ತಮ್ಮ ಸಂಪತ್ತನ್ನು ಮಂಜುಗಡ್ಡೆಯೊಳಗೆ ಹುದುಗಿಸಿ ಇಡುತ್ತವೆ ಎಂದು ಮಾನ್‌ಸ್ಟರ್ ಮ್ಯಾನ್ಯುಯಲ್ (ಆಟದ ಜೀವಿಗಳ ಪುಸ್ತಕ) ಹೇಳುತ್ತದೆ. ಒಡೆಯನಿಲ್ಲದ ಗವಿ, ಕರಗಿಸಿ ತೆಗೆಯಲು ದಿನಗಳೇ ಹಿಡಿಯುವ ನಿಧಿ, ಸುದ್ದಿ ಕೇಳಿ ಹೊರಟು ಬರುವ ಇತರರು: ನೀವು ಡ್ರ್ಯಾಗನ್‌ಗೆಂದು ಕಟ್ಟಿಟ್ಟ ಕಥೆಯ ಬಹುಭಾಗ ಇಲ್ಲಿಯೇ ಖರ್ಚಾಗುತ್ತದೆ.

ಗವಿಯೊಡೆಯ

ಎಲ್ಲರಿಗೂ ಧನ್ಯವಾದಗಳು. ಡ್ರ್ಯಾಗನ್ ಸತ್ತಿದೆ, ಸತ್ತೇ ಇರುತ್ತದೆ. ಅದರ 2,300 ಅನುಭವ ಅಂಕಗಳನ್ನು ನಾಲ್ವರಿಗೆ ತಲಾ 575ರಂತೆ ಹಂಚಿದ್ದೇನೆ. ಗ್ರೊವೆಲ್ ಬಗ್ಗೆ ಮುಂದಿನ ಆಟದ ಮೊದಲಿಗೆ ತಂಡವನ್ನೇ ಕೇಳುತ್ತೇನೆ. ಮುಂದೊಂದು ದಿನ ಎದುರಾಳಿ ಕ್ಲೆರಿಕ್ ಇದೇ ಮಾತನ್ನು ಹಾರುತ್ತಿರುವ ಅವರಿಗೂ ಹೇಳಬಹುದೆಂಬುದನ್ನು ಮತಕ್ಕೆ ಹಾಕುವ ಮೊದಲೇ ತಿಳಿಸಬೇಕೋ ಬೇಡವೋ ಎಂದು ಇನ್ನೂ ನಿರ್ಧರಿಸಿಲ್ಲ.