ಲೋಧಿ ಕಾಲೊನಿಯ ಗೋಡೆ ಚಿತ್ರಗಳು: ನೋಡಿ ಬಂದವರು ಸ್ವಲ್ಪ ಹೇಳ್ತೀರಾ?

ಡಿಸೆಂಬರ್ ಕೊನೇ ವಾರ ದೆಹಲಿಗೆ ಹೊರಟಿದ್ದೀವಿ. ಚಿತ್ರಕಲೆ ಓದ್ತಿರೋ ಮಗಳಿಗೆ ಲೋಧಿ ಕಾಲೊನಿ ನೋಡಲೇಬೇಕಂತೆ. ಜೊತೆಗೆ ಮಂಡಿನೋವಿರೋ ಅಮ್ಮ ಇರ್ತಾರೆ. ಅಲ್ಲಿನ ಕಲಾ ಉತ್ಸವ ನಡೆಯುವಾಗಲೇ ಹೋಗಬೇಕಾ? ಎಷ್ಟು ಹೊತ್ತು ಬೇಕು?

*

ಉತ್ಸವಕ್ಕೆ ಕಾಯೋದು ಬೇಡ ಮೇಡಂ. ಉತ್ಸವ ಮುಗಿದರೂ ಚಿತ್ರ ಗೋಡೆ ಮೇಲೇ ಇರುತ್ತೆ, ಟಿಕೆಟ್ಟೂ ಇಲ್ಲ. 2014ರಲ್ಲಿ ಶುರುವಾದ, ಬೀದಿ ಕಲೆಯ ಸ್ಟಾರ್ಟ್ ಇಂಡಿಯಾ (St+art) ಸಂಸ್ಥೆಯವರು ದೇಶವಿದೇಶದ ಕಲಾವಿದರನ್ನ ಕರೆಸಿ ಬರೆಸಿದ ಐವತ್ತಕ್ಕೂ ಹೆಚ್ಚು ಗೋಡೆಗಳಿವೆ. ಖನ್ನಾ ಮಾರ್ಕೆಟ್‌ನಿಂದ ಮೆಹರ್‌ಚಂದ್ ಮಾರ್ಕೆಟ್ ಕಡೆಗೆ ನಡೆದರೆ ಬಹಳಷ್ಟು ಸಿಗುತ್ತೆ. ಮೂರು ಗಂಟೆ ಇಟ್ಕೊಳ್ಳಿ.

ಆದರೆ ಬಿಸಿಲು ನೋಡ್ಕೊಂಡು ಹೋಗಿ. ಡಾಕು ಅನ್ನೋ ಕಲಾವಿದರ ಒಂದು ಗೋಡೆಯಿದೆ. ಅಲ್ಲಿ ಬಣ್ಣವಲ್ಲ, ನೆರಳೇ ಬರಹ. ಗೋಡೆಯಿಂದ ಹೊರಚಾಚಿದ ಅಕ್ಷರಗಳ ನೆರಳು ಬಿದ್ದು ಪದಗಳಾಗ್ತವೆ, ಸೂರ್ಯ ಸರಿದಂತೆ ವಾಲುತ್ತಾ ಹೋಗಿ ಕರಗ್ತವೆ. ನಾನು ಮೊದಲ ಸಲ ಸಂಜೆ ಹೋಗಿದ್ದೆ, ಏನೂ ಕಾಣಲಿಲ್ಲ. ಮಾರನೇ ಭಾನುವಾರ ಮಧ್ಯಾಹ್ನ ಹೋಗಿ ಮುಕ್ಕಾಲು ಗಂಟೆ ನಿಂತೆ. ಡಿಸೆಂಬರ್ ಮಂಜಿನಲ್ಲಿ ಬೆಳಿಗ್ಗೆ ಹೋದರೆ ನೆರಳೇ ಇರಲ್ಲ, ಹನ್ನೊಂದರ ಮೇಲೆ ಹೋಗಿ.

ಇನ್ನೊಂದು ಮಾತು. ಇವು ಸರ್ಕಾರಿ ನೌಕರರ ಕ್ವಾರ್ಟರ್ಸ್, ಬ್ರಿಟಿಷರ ಕಾಲದ ಕಟ್ಟಡಗಳು, ಒಳಗೆ ಸಂಸಾರಗಳಿವೆ. ಕಮಾನು ದಾಟಿ ಅಂಗಳಕ್ಕೆ ನುಗ್ಗಬೇಡಿ. ಬಾಗಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸ್ತಿದ್ದ ಅಜ್ಜಿಯೊಬ್ಬರು ಫೋಟೊ ತೆಗೆಯೋರನ್ನ ಕಂಡು ಸೆರಗು ಮುಖಕ್ಕೆ ಎಳ್ಕೊಂಡಿದ್ದನ್ನ ನೋಡಿ ನನಗೆ ಸಂಕಟ ಆಯ್ತು. ಕೇಳಿ ತೆಗೀರಿ.

*

ಮಗಳಿಗೆ ಅಕ್ಷರಗಳನ್ನೂ ತೋರಿಸಿ ಅಕ್ಕಾ. ಸ್ಟಾರ್ಟ್ ಇಂಡಿಯಾ ಕಟ್ಟಿದವರಲ್ಲಿ ಒಬ್ಬರಾದ ಹನೀಫ್ ಕುರೇಶಿ, ಬೋರ್ಡ್ ಬರೆಯೋರ ಕೈಬರಹವನ್ನ ಕಂಪ್ಯೂಟರ್ ಅಕ್ಷರಗಳಾಗಿಸಿ ಉಳಿಸಿದವರು. 2024ರಲ್ಲಿ ತೀರಿಕೊಂಡರು. ನಮ್ಮಪ್ಪ ಹುಬ್ಬಳ್ಳಿಯಲ್ಲಿ ಅಂಗಡಿ ಬೋರ್ಡ್ ಬರೀತಿದ್ದರು. ಸೀಮೆಸುಣ್ಣದ ದಾರ ಮೀಟಿ ಗೆರೆ ಹಾಕಿ, ‘ಶ್ರೀ’ ಮಾತ್ರ ಉಸಿರು ಹಿಡಿದು ಒಂದೇ ಎಳೆತಕ್ಕೆ ಬರೀತಿದ್ದರು. ಫ್ಲೆಕ್ಸ್ ಬಂತು, ಕೆಲಸ ನಿಂತಿತು. ಲೋಧಿಯಲ್ಲಿ ಅಷ್ಟೆತ್ತರಕ್ಕೆ ಕುಂಚದ ಕೆಲಸ ಕಂಡಾಗ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಕ್ಯಾಮೆರಾ ಹತ್ತಿರ ತಗೊಂಡು ಹೋಗು, ಅಂಚು ನೋಡಬೇಕು ಅಂದರು.

*

ಅಮ್ಮನ ಮಂಡಿ ವಿಷಯ: ಫುಟ್‌ಪಾತ್ ಅಲ್ಲಲ್ಲಿ ಕಿತ್ತಿದೆ. ಜೋರ್ ಬಾಗ್ ಮೆಟ್ರೊದಲ್ಲಿ ಇಳಿದು ಆಟೋದವರನ್ನ ಒಂದು ಗಂಟೆಗೆ ಮಾತಾಡ್ಕೊಳ್ಳಿ, ಬೀದಿ ಬೀದಿ ನಿಲ್ಲಿಸ್ತಾರೆ. ಆಮೇಲೆ ಅಮ್ಮನ್ನ ಖನ್ನಾ ಮಾರ್ಕೆಟ್‌ನಲ್ಲಿ ಚಹಾಕ್ಕೆ ಕೂರಿಸಿ, ನೀವಿಬ್ಬರೂ ಒಂದು ಸುತ್ತು ನಡೆದು ಬನ್ನಿ.