ಸಹಾಯ ಬೇಕು: ಇಂಪ್ಲಾಂಟ್ ಆಪರೇಷನ್ ಆದಮೇಲೆ ಆಂಟಿಬಯೋಟಿಕ್ ಎಷ್ಟು ದಿನ?

ಅಡ್ಮಿನ್, ಹೆಸರು ತೋರಿಸದೆ ಹಾಕಿ ಪ್ಲೀಸ್.

ವಯಸ್ಸು 56, ಶುಗರ್ ಹಳೇದು. ಕಳೆದ ವಾರ ಶಿಶ್ನದ ಇಂಪ್ಲಾಂಟ್ ಹಾಕಿಸಿಕೊಂಡೆ, ವೃಷಣದ ಚೀಲದೊಳಗಿನ ಪಂಪ್ ಒತ್ತಿದರೆ ನಿಮಿರೋ ಥರದ್ದು. ನಾಚಿಕೊಂಡು ಕೂತರೆ ಆಗಲ್ಲ, ನೇರವಾಗೇ ಕೇಳ್ತೀನಿ.

ಆಪರೇಷನ್‌ಗೆ ಮುಂಚೆ ವ್ಯಾಂಕೋಮೈಸಿನ್, ಜೆಂಟಾಮೈಸಿನ್ ಅನ್ನೋ ಆಂಟಿಬಯೋಟಿಕ್ ಡ್ರಿಪ್‌ನಲ್ಲಿ ಕೊಟ್ಟು ಒಂದೇ ದಿನಕ್ಕೆ ನಿಲ್ಲಿಸಿದರು. ಇಂಪ್ಲಾಂಟ್ ಮೇಲೇ ರಿಫಾಂಪಿಸಿನ್, ಮಿನೋಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಲೇಪ ಇರುತ್ತೆ, ಮಾತ್ರೆ ಬೇಡ ಅಂತಾರೆ ಸರ್ಜನ್. ನಮ್ಮೂರ ಡಾಕ್ಟ್ರು ಮಾತ್ರ "ಶುಗರ್ ಇದೆಯಲ್ಲಾ, ಇನ್ನೊಂದು ವಾರ ತಗೊಳ್ಳಿ" ಅಂತ ಚೀಟಿ ಬರೆದುಕೊಟ್ಟಿದ್ದಾರೆ. ಸೋಂಕು ಆದರೆ ಇಡೀ ಸಾಧನವನ್ನೇ ತೆಗೀಬೇಕಾಗಬಹುದು, ಅದೇ ಭಯ. ಹಾಗಂತ ಸುಮ್ಮನೆ ಆಂಟಿಬಯೋಟಿಕ್ ನುಂಗೋದೂ ಸರಿ ಅನಿಸ್ತಿಲ್ಲ.

ಜ್ವರ ಇಲ್ಲ, ಕೀವಿಲ್ಲ, ನೋವು ಕಮ್ಮಿ ಆಗ್ತಿದೆ. ವೃಷಣದ ಚೀಲ ಊದಿ ಬದನೆಕಾಯಿ ಬಣ್ಣ ಆಗಿದೆ, ಆದರೆ ಪಂಪ್ ಚರ್ಮಕ್ಕೆ ಅಂಟಿಕೊಂಡಿಲ್ಲ. ಬೆಳಗಿನ ಫಾಸ್ಟಿಂಗ್ 140.

ಹಾಕಿಸಿಕೊಂಡವರು ಹೇಳಿ: ಮನೆಗೆ ಬಂದಮೇಲೆ ಮಾತ್ರೆ ಕೊಟ್ಟಿದ್ರಾ? ಯಾವುದು, ಎಷ್ಟು ದಿನ? ಊತ ಯಾವಾಗ ಇಳೀತು? ಯುರಾಲಜಿಯವರು ಯಾರಾದರೂ ಇದ್ದರೆ ಇನ್ನೂ ಒಳ್ಳೇದು. ಸರ್ಜನ್ ಬುಧವಾರ ಸಿಗ್ತಾರೆ, ಏನೇನು ಕೇಳಬೇಕು ಅಂತಲೂ ತಿಳಿಸಿ.

ಅರಿಶಿನ, ಬೇವು ಹಚ್ಚಿ ಅನ್ನೋರು ದಯವಿಟ್ಟು ಬೇಡ.