14 ವರ್ಷದ ಕೆಲಸ ಹೋದ ಮೇಲೆ ಕ್ಷೇತ್ರ ಬದಲಿಸಬಹುದೇ? ಅನುಭವಿಗಳ ಉತ್ತರಗಳು

ಪ್ರಶ್ನೆ: ಯಂತ್ರದ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವ ವಿಭಾಗದಲ್ಲಿ 14 ವರ್ಷ ದುಡಿದಿದ್ದೇನೆ. ಕಳೆದ ವರ್ಷ ಆ ಘಟಕವನ್ನೇ ಮುಚ್ಚಿದರು. ಡೇಟಾ ವಿಶ್ಲೇಷಣೆಯ ಕೋರ್ಸ್ ಮುಗಿಸಿದೆನಾದರೂ ಮೂರು ಸಂದರ್ಶನಗಳಲ್ಲಿ ‘ಅನುಭವವಿಲ್ಲ’ ಎಂದು ಕೈಬಿಟ್ಟರು. ನನಗೀಗ 41 ವರ್ಷ. ಈ ವಯಸ್ಸಿನಲ್ಲಿ ಕ್ಷೇತ್ರ ಬದಲಿಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಮೊದಲ ಉತ್ತರ: ನಾನು 12 ವರ್ಷ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದವನು, ಈಗ ಸಾಫ್ಟ್‌ವೇರ್ ಪರೀಕ್ಷಕ. ಮೊದಲ ಏಳು ತಿಂಗಳು ನಾನು ಮಾಡಿದ ತಪ್ಪನ್ನೇ ಬಹುಶಃ ನೀವೂ ಮಾಡುತ್ತಿದ್ದೀರಿ. ಹಳೆಯ ಕೆಲಸವನ್ನು ಸ್ವವಿವರದ ಮೂಲೆಗೆ ತಳ್ಳಿ, ಹೊಸ ಕೋರ್ಸನ್ನೇ ತಲೆಯ ಮೇಲೆ ಹೊತ್ತು ತಿರುಗುತ್ತಿದ್ದೆ. (ಆ ಪ್ರಮಾಣಪತ್ರವನ್ನು ಒಬ್ಬರೂ ತೆರೆದು ನೋಡಲಿಲ್ಲ ಎಂಬುದು ಬೇರೆ ಮಾತು.) ಕೊನೆಗೆ ‘ಕರಡು ತಿದ್ದಿದ್ದೇನೆ’ ಎಂಬ ಸಾಲನ್ನು ಅಳಿಸಿ, ಅಚ್ಚಿಗೆ ಹೋಗುವ ಮುನ್ನ ಎಂಥ ತಪ್ಪುಗಳು ಪದೇ ಪದೇ ನುಸುಳುತ್ತಿದ್ದವು, ಅವನ್ನು ಹಿಡಿಯಲು ನಾನೇ ಮಾಡಿಕೊಂಡಿದ್ದ 30 ಅಂಶಗಳ ಪಟ್ಟಿ ಹೇಗಿತ್ತು ಎಂಬುದನ್ನು ಬರೆದೆ. ಮುಂದಿನ ಸಂದರ್ಶನದಲ್ಲಿ ಅರ್ಧ ಗಂಟೆ ಆ ಪಟ್ಟಿಯ ಬಗ್ಗೆಯೇ ಕೇಳಿದರು.

ನಿಮಗಂತೂ ಇದು ಇನ್ನೂ ಸುಲಭ. ನಿಮ್ಮ ವಿಭಾಗದಲ್ಲಿ ಅಳತೆಗಳನ್ನು ಚುಕ್ಕಿಗಳಾಗಿ ಗುರುತಿಸುತ್ತಾ ಹೋಗುವ ನಕ್ಷೆ, ಕಂಟ್ರೋಲ್ ಚಾರ್ಟ್ ಎಂಬುದೇ ಸಂಖ್ಯಾಶಾಸ್ತ್ರದ ಕೂಸು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೂಹಾರ್ಟ್ 1924ರಲ್ಲಿ ಅದನ್ನು ರೂಪಿಸಿದ್ದು, ಅಳತೆಯಲ್ಲಿ ಸಹಜವಾದ ಏರಿಳಿತ ಯಾವುದು, ಹುಡುಕಿ ಸರಿಪಡಿಸಬೇಕಾದ ದೋಷದಿಂದ ಬಂದದ್ದು ಯಾವುದು ಎಂದು ಬೇರ್ಪಡಿಸಲಿಕ್ಕೆ. ಸಹಜ ಏರಿಳಿತದ ಮಿತಿಯೆಂದು ಎಳೆಯುವ ‘ಮೂರು ಸಿಗ್ಮಾ’ ಗೆರೆಯಾಚೆ ಬಿದ್ದ ಒಂದು ಚುಕ್ಕಿಯನ್ನು ಕಂಡು ಯಂತ್ರ ನಿಲ್ಲಿಸಿ ಕಾರಣ ಹುಡುಕಿದ ದಿನ ನಿಮಗೆ ನೆನಪಿದ್ದರೆ, ಅದನ್ನೇ ಎರಡು ಪುಟದ ವರದಿಯಾಗಿ ಬರೆದು ಒಯ್ಯಿರಿ. ಹಳೆಯ ಸಂಸ್ಥೆಯ ನಿಜವಾದ ಅಂಕಿಅಂಶಗಳನ್ನು ಮಾತ್ರ ಮುಟ್ಟಬೇಡಿ. ಮಾದರಿ ಅಂಕಿಗಳು ಸಾಕು.

ಎರಡನೆಯ ಉತ್ತರ: ಮೇಲಿನ ಮಾತು ಸರಿಯೇ, ಆದರೆ ಆ ವರದಿ ಓದುವವರ ಕೈ ಸೇರಬೇಕಲ್ಲ. ಕೆಲಸ ಹೋದದ್ದನ್ನು ನಾಚಿಕೆಯಿಂದ ಐದು ತಿಂಗಳು ಯಾರಿಗೂ ಹೇಳದೆ ಕುಳಿತಿದ್ದವಳು ನಾನು. ಹೇಳಿದ ಮೇಲೆ ದಾರಿ ತೋರಿಸಿದವರು ಆಪ್ತರಲ್ಲ, ಯಾವುದೋ ತರಬೇತಿಯಲ್ಲಿ ಜೊತೆಗಿದ್ದ, ವರ್ಷಕ್ಕೊಮ್ಮೆ ಮಾತನಾಡುವಂಥ ಪರಿಚಿತರೊಬ್ಬರು. ಪರಿಚಯದ ಮೂಲಕ ಕೆಲಸ ಹಿಡಿದವರಲ್ಲಿ ಹೆಚ್ಚಿನವರಿಗೆ ಸುದ್ದಿ ಮುಟ್ಟಿಸಿದ್ದು ಆಗೊಮ್ಮೆ ಈಗೊಮ್ಮೆ ಭೇಟಿಯಾಗುವವರೇ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದರು. ಆಪ್ತರಿಗೆ ತಿಳಿದ ಸುದ್ದಿ ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ. ಹಾಗಾಗಿ ದೂರದ ಪರಿಚಿತರ ಬಳಿ ಹೋಗಿ, ಕೆಲಸ ಕೊಡಿಸಿ ಎನ್ನದೆ, ಅವರ ವಿಭಾಗದಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಎಂದು ಇಪ್ಪತ್ತು ನಿಮಿಷ ವಿವರಿಸುವಂತೆ ಕೇಳಿಕೊಳ್ಳಿ.

ಮೂರನೆಯ ಉತ್ತರ: ಮನಸ್ಸಿನ ವಿಚಾರವನ್ನು ಯಾರೂ ಎತ್ತಲಿಲ್ಲ. ಕೆಲಸ ಕಳೆದುಕೊಂಡ ವೃತ್ತಿಪರರ ಕುರಿತು ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಸಣ್ಣ ಪ್ರಯೋಗದಲ್ಲಿ, ತಮ್ಮ ಸಿಟ್ಟು ಸಂಕಟಗಳನ್ನು ಕೆಲವು ದಿನ ಮುಚ್ಚುಮರೆಯಿಲ್ಲದೆ ಬರೆದವರಿಗೆ ಉಳಿದವರಿಗಿಂತ ಬೇಗ ಕೆಲಸ ಸಿಕ್ಕಿತ್ತು. ನಾನೂ ಬರೆದೆ. ಮೊದಲ ಪುಟಗಳ ತುಂಬ ಹಳೆಯ ಮೇಲಧಿಕಾರಿಗೆ ಬೈಗುಳವೇ. ಆರನೆಯ ಪುಟಕ್ಕೆ ಬರುವಷ್ಟರಲ್ಲಿ, ಆ ಕೆಲಸ ನನಗೇ ಎಂದೋ ಬೇಸರ ತಂದಿತ್ತು ಎಂದು ಬರೆದುಕೊಂಡಿದ್ದೆ. ಮರುವಾರದ ಸಂದರ್ಶನದಲ್ಲಿ ‘ಅಲ್ಲಿಂದ ಏಕೆ ಹೊರಬಂದಿರಿ’ ಎಂದಾಗ, ಧ್ವನಿ ನಡುಗದೆ ಎರಡು ವಾಕ್ಯಗಳಲ್ಲಿ ಉತ್ತರ ಮುಗಿಸಿದೆ.